ಲೋಕ ಹಲವು, ಹಗೆ ಒಂದು

ಹಗೆ ಕಾವ್ಯಕ್ಕೆ ಹೊಸ ವಸ್ತುವಲ್ಲ. ದುರ್ಯೋಧನನ ರಕ್ತದಿಂದ ತೊಯ್ದ ಕೈಯಲ್ಲಿ ದ್ರೌಪದಿಯ ಮುಡಿಯನ್ನು ಕಟ್ಟಿದ ಭೀಮನನ್ನು ಭಟ್ಟನಾರಾಯಣನು ವೇಣೀಸಂಹಾರದಲ್ಲಿ ರಂಗಕ್ಕೆ ತಂದನು. ಅದೇ ಭೀಮನ ಛಲವನ್ನು ರನ್ನನು ಗದಾಯುದ್ಧದಲ್ಲಿ ಹಾಡಿದನು. ಇವುಗಳನ್ನು ಓದುವಾಗ ನಮ್ಮ ಮನಸ್ಸೂ ಭೀಮನೊಡನೆ ಉರಿಯುವುದಕ್ಕೆ ಕಾರಣವುಂಟು. ಅಪರಾಧ ಮಾಡಿದವನು ಇಂಥವನೇ ಎಂಬುದು ನಿಶ್ಚಯ. ಅದಕ್ಕೆ ಗುರಿಯಾದವಳು ಇಂಥವಳೇ ಎಂಬುದು ನಿಶ್ಚಯ. ಆದುದನ್ನು ಆಗದಂತೆ ಮಾಡಲು ಯಾರಿಂದಲೂ ಸಾಧ್ಯವಿಲ್ಲವೆಂಬುದೂ ನಿಶ್ಚಯ. ಈ ಮೂರು ನಿಶ್ಚಯಗಳ ಮೇಲೆ ರೌದ್ರರಸವು ನಿಂತಿದೆ. ಇವುಗಳಲ್ಲಿ ಒಂದು ಅಲುಗಿದರೂ ಕ್ರೋಧಕ್ಕೆ ನೆಲೆ ತಪ್ಪುತ್ತದೆ.

ಅಪರಾಧಿಯು ಒಬ್ಬನಲ್ಲ, ಅವನ ಮುಖವನ್ನೇ ಹೊತ್ತವರು ಲೆಕ್ಕವಿಲ್ಲದಷ್ಟು ಲೋಕಗಳಲ್ಲಿ ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ ಎಂದಾದರೆ ಆ ಹಗೆಯ ಗತಿಯೇನು? ಈ ಪ್ರಶ್ನೆಯನ್ನು ಕಥೆಯನ್ನಾಗಿ ಮಾಡಿಕೊಂಡ ವಾಕ್ಚಿತ್ರವೊಂದು ಅಮೆರಿಕದಲ್ಲಿ ತಯಾರಾಗಿ, 2025ರ ಮಾರ್ಚ್ ತಿಂಗಳಲ್ಲಿ ಟೆಕ್ಸಾಸ್ ಸಂಸ್ಥಾನದ ಆಸ್ಟಿನ್ ನಗರದ ಸೌತ್ ಬೈ ಸೌತ್‌ವೆಸ್ಟ್ ಉತ್ಸವದಲ್ಲಿ ಮೊದಲು ಪ್ರದರ್ಶಿತವಾಯಿತು. ಹೆಸರು ‘ರಿಡಕ್ಸ್ ರಿಡಕ್ಸ್’. ಆ ಲ್ಯಾಟಿನ್ ಪದಕ್ಕೆ ಮರಳಿ ಬಂದದ್ದು ಎಂದರ್ಥ. ಅದನ್ನು ಎರಡು ಸಲ ಹೇಳಿರುವುದರಲ್ಲಿಯೇ ಕಥೆಯ ಸೂಚನೆಯಿದೆ. ಬರೆದು ನಿರ್ದೇಶಿಸಿದವರು ಕೆವಿನ್ ಮತ್ತು ಮ್ಯಾಥ್ಯೂ ಮ್ಯಾಕ್‌ಮ್ಯಾನಸ್ ಎಂಬ ಸಹೋದರರು. ನಾಯಿಕೆಯ ಪಾತ್ರವನ್ನು ವಹಿಸಿದವರು ಅವರ ಸಹೋದರಿ ಮಿಕೇಲಾ. ಸಾಹಿತ್ಯಪತ್ರಿಕೆಯಲ್ಲಿ ವಾಕ್ಚಿತ್ರದ ವಿಚಾರವೇಕೆಂದು ಕೆಲವರು ಕೇಳಬಹುದು. ದೃಶ್ಯವನ್ನೂ ಕಾವ್ಯದ ಒಂದು ಭೇದವೆಂದೇ ಎಣಿಸಿದ ನಮ್ಮ ಆಲಂಕಾರಿಕರಿಗೆ ಈ ಸಂದೇಹ ಬರುತ್ತಿರಲಿಲ್ಲ.

ಕಥೆಗೆ ಆಧಾರವಾದ ಕಲ್ಪನೆಯನ್ನು ಮೊದಲು ತಿಳಿಯಬೇಕು. ಪರಮಾಣುವಿಗಿಂತಲೂ ಸೂಕ್ಷ್ಮವಾದ ಕಣಗಳು ಅಳೆಯುವುದಕ್ಕೆ ಮುಂಚೆ ಹಲವು ಸಾಧ್ಯತೆಗಳಲ್ಲಿ ಒಟ್ಟಿಗೆ ಇರುವಂತೆ ಗಣಿತವು ಹೇಳುತ್ತದೆ. ಅಳೆದಾಗ ಮಾತ್ರ ನಮಗೆ ಒಂದೇ ಫಲ ಕಾಣುತ್ತದೆ. ಉಳಿದ ಫಲಗಳು ಎಲ್ಲಿಗೆ ಹೋದವು? ಅವು ಎಲ್ಲಿಗೂ ಹೋಗಲಿಲ್ಲ, ಎಲ್ಲವೂ ನಡೆಯುತ್ತವೆ, ನೋಡುವವನೂ ಅವುಗಳೊಡನೆ ಕವಲೊಡೆಯುತ್ತಾನೆ ಎಂದು ಹ್ಯೂ ಎವರೆಟ್ ಎಂಬ ಅಮೆರಿಕದ ವಿಜ್ಞಾನಿ 1957ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಪ್ರತಿಪಾದಿಸಿದನು. ಭೌತವಿಜ್ಞಾನಿಗಳೆಲ್ಲರೂ ಇದನ್ನು ಒಪ್ಪಿದವರಲ್ಲ. ಒಪ್ಪಿದವರ ಮತದಲ್ಲಿಯೂ ಒಂದು ಕವಲಿನಿಂದ ಇನ್ನೊಂದಕ್ಕೆ ನಡೆದುಹೋಗುವ ದಾರಿಯಿಲ್ಲ. ಆ ದಾರಿಯನ್ನು ತೆರೆದವರು ಕಥೆಗಾರರು. ಚಕೋರವು ಬೆಳುದಿಂಗಳನ್ನು ಕುಡಿಯುವುದೆಂಬುದನ್ನು ಕವಿಸಮಯವೆಂದು ಒಪ್ಪುವ ನಾವು ಇದನ್ನೂ ಒಪ್ಪಬಹುದು. ಒಪ್ಪಿದ ಮೇಲೆ ಕವಿಯು ಅದರಿಂದ ಏನನ್ನು ಸಾಧಿಸಿದನು ಎಂಬುದಷ್ಟೇ ವಿಮರ್ಶೆಯ ವಿಷಯ.

ಕಥಾಸಾರವಿದು. ಐರೀನ್ ಕೆಲಿ ಎಂಬ ತಾಯಿಯ ಮಗಳು ಆ್ಯನಾಳನ್ನು ನೆವಿಲ್ ಎಂಬವನು ಕೊಂದಿದ್ದಾನೆ. ಅವನು ಸಾಧಾರಣ ಉಪಾಹಾರಗೃಹವೊಂದರಲ್ಲಿ ಅಡಿಗೆಯ ಕೆಲಸದವನು. ಶವಪೆಟ್ಟಿಗೆಯಂತೆ ಕಾಣುವ ಯಂತ್ರವೊಂದು ಐರೀನಳ ಕೈಗೆ ಸಿಕ್ಕಿದೆ. ಅದರೊಳಗೆ ಮಲಗಿ ಅವಳು ಲೋಕದಿಂದ ಲೋಕಕ್ಕೆ ಹೋಗುತ್ತಾಳೆ. ಹೋದಲ್ಲೆಲ್ಲ ನೆವಿಲ್ ಇದ್ದಾನೆ. ಹೋದಲ್ಲೆಲ್ಲ ಅವನನ್ನು ಹುಡುಕಿ ಕೊಲ್ಲುತ್ತಾಳೆ. ಮಗಳು ಬದುಕಿರುವ ಲೋಕವೊಂದು ಎಲ್ಲಿಯಾದರೂ ಇದ್ದೀತೆಂಬ ಆಸೆಯೂ ಅವಳಿಗುಂಟು. ಆದರೆ ಕಾಲಿಟ್ಟ ಲೋಕಗಳಲ್ಲೆಲ್ಲ ಆ ಮಗು ಮೊದಲೇ ಹೋಗಿಬಿಟ್ಟಿರುತ್ತದೆ. ಹೀಗಿರುವಾಗ ಒಂದು ಲೋಕದಲ್ಲಿ ನೆವಿಲ್‌ನ ಸೆರೆಯಲ್ಲಿ ಇನ್ನೂ ಜೀವದಿಂದಿರುವ ಮಿಯಾ ಎಂಬ ಹದಿನೈದು ವರ್ಷದ ಹುಡುಗಿಯನ್ನು ಅವಳು ಕಾಣುತ್ತಾಳೆ. ಮುಂದಿನ ಕಥೆಯು ಇವರಿಬ್ಬರದು. ಅದರ ಮುಕ್ತಾಯವನ್ನು ಇಲ್ಲಿ ಹೇಳಿ ನೋಡುವವರ ಕುತೂಹಲವನ್ನು ಕೆಡಿಸುವುದು ಉಚಿತವಲ್ಲ.

ಇದರಲ್ಲಿ ಮೊದಲು ಮೆಚ್ಚತಕ್ಕದ್ದು ಪುನರಾವೃತ್ತಿಯನ್ನು ಬಳಸಿದ ಬಗೆ. ಕೊಲೆಯ ಮೇಲೆ ಕೊಲೆ ಬಂದರೆ ಪ್ರೇಕ್ಷಕನ ಕ್ರೋಧವು ಏರಬೇಕೆಂದು ತೋರುತ್ತದೆ. ಆಗುವುದು ಬೇರೆ. ಮೊದಲ ಸಲ ನಾವು ತಾಯಿಯೊಡನೆ ಉರಿಯುತ್ತೇವೆ. ಆಮೇಲೆ ಅವಳ ಕೈಯ ನೈಪುಣ್ಯವನ್ನು ಗಮನಿಸುತ್ತೇವೆ. ಆಮೇಲೆ ಅವಳ ಆಯಾಸವನ್ನು. ಸೇಡು ವ್ರತವಾಗಿದ್ದದ್ದು ಕಸಬಾಗಿ, ಕಸಬಾಗಿದ್ದದ್ದು ಚಟವಾಗುತ್ತದೆ. ರೌದ್ರವು ಸವೆದು ಬೀಭತ್ಸವಾಗಿ, ಬೀಭತ್ಸವು ಸವೆದು ಶೋಕವಾಗುವ ಈ ಕ್ರಮವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ನಮಗೆ ತಾನಾಗಿ ತಿಳಿಯುತ್ತದೆ. ದುಃಖಿತರ ಕೂಟದಲ್ಲಿ ಐರೀನಳಿಗೆ ದೊರೆಯುವ ಜೊನಾಥನ್ ಎಂಬವನ ಪ್ರಸಂಗವೂ ಇದಕ್ಕೆ ಪೋಷಕವಾಗಿದೆ. ಅವಳಿಗೆ ಅವನು ಹಳೆಯ ಪರಿಚಿತ. ಅವನಿಗೆ ಅವಳು ಪ್ರತಿ ಲೋಕದಲ್ಲಿಯೂ ಹೊಸಬಳು. ಲೋಕಗಳು ಹೆಚ್ಚಿದಷ್ಟೂ ಆಕೆಯ ಏಕಾಂತವು ಹೆಚ್ಚುತ್ತದೆ.

ಈ ಕಥೆಯು ಎಬ್ಬಿಸುವ ಧರ್ಮಪ್ರಶ್ನೆ ಸುಲಭವಾದುದಲ್ಲ. ತನ್ನ ಮಗಳನ್ನು ಕೊಂದವನನ್ನು ಐರೀನ್ ಒಮ್ಮೆ ದಂಡಿಸಿದಳೆಂದರೆ ಅವಳ ಲೆಕ್ಕ ಮುಗಿಯಿತು. ಎರಡನೆಯ ಲೋಕದ ನೆವಿಲ್ ಅವಳ ಮಗಳನ್ನು ಮುಟ್ಟಿದವನಲ್ಲ. ಅವನೂ ಕೊಲೆಗಾರನೇ ಅಹುದು. ಆದರೆ ಅವನು ಸಾಲಗಾರನಾದದ್ದು ಆ ಲೋಕದ ತಾಯಿಗೆ, ಆ ಲೋಕದ ನ್ಯಾಯಕ್ಕೆ. ಒಬ್ಬನ ಸಾಲಕ್ಕೆ ಅವನಂತೆಯೇ ಕಾಣುವ ಇನ್ನೊಬ್ಬನ ಮನೆಯನ್ನು ಜಪ್ತಿ ಮಾಡಿದಂತೆ ಇದಾಗಲಿಲ್ಲವೆ? ಹಾಗಾದರೆ ಮುಖದ ಹೋಲಿಕೆಯೊಂದೇ ಅಪರಾಧಕ್ಕೆ ಸಾಕ್ಷಿಯೆ? ಕಥೆಗಾರರು ಈ ಪ್ರಶ್ನೆಯ ಬಾಗಿಲವರೆಗೆ ಬಂದು ನಿಂತಿದ್ದಾರೆ, ಒಳಹೋಗಿಲ್ಲ. ನೆವಿಲ್‌ನನ್ನು ಎಲ್ಲ ಕಡೆಯೂ ದುಷ್ಟನನ್ನಾಗಿಯೇ ಇಟ್ಟು, ಅವನ ಅಂತರಂಗವನ್ನು ಮುಚ್ಚಿರುವುದರಿಂದ ತಾಯಿಯ ಕೈ ನಡುಗುವ ಸಂದರ್ಭವೇ ವಿರಳವಾಗಿದೆ. ಯಾವುದಾದರೊಂದು ಲೋಕದಲ್ಲಿ ಅವನು ನಿರಪರಾಧಿಯಾಗಿದ್ದು, ಅವಳು ಆಯುಧ ಹಿಡಿದು ಅವನೆದುರಿಗೆ ನಿಂತಿದ್ದರೆ ಕಥೆಯು ಇನ್ನೂ ಎಷ್ಟು ಆಳಕ್ಕೆ ಇಳಿಯುತ್ತಿತ್ತು! ಚಿತ್ರದ ಮುಖ್ಯ ಲೋಪವಿದೆಂದು ನಮಗೆ ತೋರುತ್ತದೆ.

ನಮ್ಮ ಓದುಗರಿಗೆ ಇಲ್ಲಿ ಇನ್ನೊಂದು ಕಥೆ ನೆನಪಿಗೆ ಬರಬಹುದು. ಪಾರ್ಶ್ವಪಂಡಿತನು 13ನೆಯ ಶತಮಾನದ ಆದಿಯಲ್ಲಿ ಕನ್ನಡಕ್ಕೆ ತಂದ ಪಾರ್ಶ್ವನಾಥಪುರಾಣದಲ್ಲಿ ಕಮಠನು ತಮ್ಮನಾದ ಮರುಭೂತಿಯ ಮೇಲೆ ಹಗೆ ಸಾಧಿಸುವುದು ಒಂದು ಜನ್ಮಕ್ಕೆ ಮುಗಿಯುವುದಿಲ್ಲ. ಮರುಭೂತಿಯು ಆನೆಯಾದರೆ ಕಮಠನು ಹಾವಾಗಿ ಬಂದು ಕಚ್ಚುತ್ತಾನೆ. ಮರುಭೂತಿಯ ಜೀವವು ಪಾರ್ಶ್ವನಾಗಿ ತಪಸ್ಸಿಗೆ ನಿಂತಾಗಲೂ ಮಳೆಗರೆದು ಕಾಡುತ್ತಾನೆ. ಅಲ್ಲಿಯೂ ಒಂದೇ ಹಗೆ, ಹಲವು ಲೋಕ. ಆದರೆ ವ್ಯತ್ಯಾಸವು ದೊಡ್ಡದು. ಅಲ್ಲಿ ದೇಹಗಳು ಬೇರೆಯಾದರೂ ಜೀವ ಒಂದೇ; ಆದ್ದರಿಂದ ಕರ್ಮದ ಲೆಕ್ಕವು ಕೊಂಡಿ ಕಳಚದೆ ನಡೆಯುತ್ತದೆ. ಇಲ್ಲಿ ದೇಹವೂ ಮುಖವೂ ಒಂದೇ ತೆರನಾಗಿದ್ದು ಜೀವಗಳು ಬೇರೆ. ಅಲ್ಲಿ ಹಗೆಯಿಂದ ಬಿಡುಗಡೆ ಹೊಂದುವವನು ಹಗೆಯನ್ನು ಹಿಂದಿರುಗಿಸದ ಮರುಭೂತಿ. ಪೆಟ್ಟು ತಿಂದವನೇ ಕೊಂಡಿಯನ್ನು ಕಳಚುತ್ತಾನೆ. ಐರೀನಳಲ್ಲಿಯಾದರೋ ಪೆಟ್ಟು ತಿಂದವಳೇ ಕಮಠನ ಹಾದಿಯನ್ನು ಹಿಡಿದಿದ್ದಾಳೆ. ಅವಳ ಮೇಲೆ ನಮಗೆ ಮರುಕವಿರುವುದರಿಂದಲೇ ಈ ನೋಟವು ಭಯಂಕರವಾಗಿದೆ.

ಕವಲೊಡೆವ ಕಾಲದಲ್ಲಿ ಕೊಲೆಯನ್ನು ನಿಲ್ಲಿಸಿ ನೋಡಿದ ಇನ್ನೊಬ್ಬ ಕಲಾವಿದನೆಂದರೆ ಅರ್ಜೆಂಟೀನಾದ ಹೋರ್ಹೆ ಲೂಯಿಸ್ ಬೋರ್ಹೆಸ್. ಎವರೆಟ್‌ನಿಗಿಂತ ಹದಿನಾರು ವರ್ಷ ಮೊದಲು, 1941ರಲ್ಲಿ, ಅವನು ಪ್ರಕಟಿಸಿದ ‘ಕವಲೊಡೆಯುವ ಹಾದಿಗಳ ತೋಟ’ವೆಂಬ ಸಣ್ಣ ಕಥೆಯಲ್ಲಿ ಜರ್ಮನರ ಗೂಢಚಾರನಾದ ಯು ತ್ಸುನ್ ಎಂಬ ಚೀನೀಯನು ಇಂಗ್ಲೆಂಡಿನಲ್ಲಿ ಆಲ್ಬರ್ಟ್ ಎಂಬ ವಿದ್ವಾಂಸನ ಮನೆಗೆ ಬರುತ್ತಾನೆ. ತನ್ನ ಪೂರ್ವಿಕನೊಬ್ಬನ ಅರ್ಥವಾಗದ ಗ್ರಂಥದ ಒಗಟನ್ನು ಬಿಡಿಸಿ ಅವನ ಕೀರ್ತಿಯನ್ನು ಉಳಿಸಿದವನು ಈ ಆಲ್ಬರ್ಟನೇ. ಕಾಲವು ಕವಲೊಡೆಯುತ್ತದೆ, ಒಂದು ಕವಲಿನಲ್ಲಿ ನೀನು ನನಗೆ ಮಿತ್ರ, ಇನ್ನೊಂದರಲ್ಲಿ ಶತ್ರು ಎಂದು ಅವನು ವಿವರಿಸುತ್ತಾನೆ. ಅವನನ್ನೇ ಯು ತ್ಸುನ್ ಗುಂಡಿಟ್ಟು ಕೊಲ್ಲುತ್ತಾನೆ. ಅಲ್ಲಿ ಹಗೆಯೇ ಇಲ್ಲ. ಸತ್ತವನ ಹೆಸರು ವರ್ತಮಾನಪತ್ರಿಕೆಯಲ್ಲಿ ಬಂದರೆ ದಾಳಿಗೆ ಗುರಿಯಾಗಬೇಕಾದ ಊರಿನ ಹೆಸರು ಜರ್ಮನರಿಗೆ ತಿಳಿಯುತ್ತದೆಂಬುದೊಂದೇ ಕಾರಣ. ಬೇರೆ ಲೋಕಗಳಲ್ಲಿ ಆಲ್ಬರ್ಟ್ ತನ್ನ ಮಿತ್ರನಾಗಿ ಬದುಕಿದ್ದಾನೆಂಬ ತತ್ತ್ವವು ಕೊಂದವನಿಗೆ ಎಳ್ಳಷ್ಟೂ ಸಮಾಧಾನವನ್ನು ಕೊಡುವುದಿಲ್ಲ. ಅವನ ಪಾಲಿಗೆ ಉಳಿಯುವುದು ತೀರದ ಪಶ್ಚಾತ್ತಾಪ. ಮಾಡಿದ ಕಾರ್ಯವು ಮಾಡಿದ ಲೋಕದಲ್ಲಿಯೇ ನಿಲ್ಲುತ್ತದೆ.

ಈ ಮಾತು ಕೊಂದವನಿಗೆ ಹೇಗೋ ಕಳೆದುಕೊಂಡವರಿಗೂ ಹಾಗೆಯೇ. ಮಗು ಹೋದ ಮನೆಗೆ ಮಾತನಾಡಿಸಲು ಹೋದವರು ‘ದೇವರು ಇನ್ನೊಂದನ್ನು ಕೊಟ್ಟಾನು’ ಎನ್ನುವುದನ್ನು ನಾವೆಲ್ಲರೂ ಕೇಳಿದ್ದೇವೆ. ಬೇರೆ ಮಾತು ತೋಚದೆ ನಾವೂ ಆಡಿದ್ದೇವೆ. ಹೇಳಿದವರ ಮನಸ್ಸು ಒಳ್ಳೆಯದು. ಆದರೆ ಆ ತಾಯಿಯು ತಲೆತಗ್ಗಿಸಿ ಸುಮ್ಮನಾಗುವುದೇಕೆಂಬುದನ್ನು ಅವರು ಯೋಚಿಸಿರುವುದಿಲ್ಲ. ಅವಳಿಗೆ ಬೇಕಾದದ್ದು ಇನ್ನೊಂದಲ್ಲ, ಆ ಒಂದು. ಐರೀನಳ ಯಂತ್ರವು ಇದೇ ಸಾಂತ್ವನದ ಲೋಹರೂಪವೆಂದು ನಮಗೆ ತೋರಿತು. ಅದು ಅವಳಿಗೆ ಇನ್ನೊಂದು ಲೋಕವನ್ನೂ ಇನ್ನೊಬ್ಬ ನೆವಿಲ್‌ನನ್ನೂ ಎಷ್ಟು ಬೇಕಾದರೂ ಕೊಡಬಲ್ಲುದು. ಅವಳ ಆ್ಯನಾಳನ್ನು ಕೊಡಲಾರದು. ಎಲ್ಲಿಯಾದರೂ ಬದುಕಿರುವ ಆ್ಯನಾ ಒಬ್ಬಳು ಸಿಕ್ಕಿದರೂ, ಈ ತಾಯಿಯ ಮಡಿಲಲ್ಲಿ ಆಡಿ ಬೆಳೆದವಳು ಅವಳಲ್ಲ.

ಮಿಯಾ ಬರುವುದು ಇಂಥ ಸಂದರ್ಭದಲ್ಲಿ. ಅವಳು ಯಾರ ಪ್ರತಿರೂಪವೂ ಅಲ್ಲ. ಆ್ಯನಾಳ ಮುಖ ಅವಳಿಗಿಲ್ಲ, ವಿನಯವೂ ಹೆಚ್ಚಾಗಿಲ್ಲ, ತಾನೂ ಸೇಡು ತೀರಿಸಬೇಕೆಂಬ ಕೆಚ್ಚು ಮಾತ್ರ ಬೇಕಾದಷ್ಟಿದೆ. ತನ್ನ ರೋಗವನ್ನು ಇನ್ನೊಂದು ಎಳೆಯ ದೇಹದಲ್ಲಿ ಕಂಡಾಗ ಐರೀನಳಿಗೆ ಮೊದಲ ಸಲ ಅದು ರೋಗವೆಂದು ತಿಳಿಯುತ್ತದೆ. ಸಾವಿರ ಲೋಕಗಳಲ್ಲಿ ಸತ್ತವರಿಗಾಗಿ ಕೊಲ್ಲುವುದಕ್ಕಿಂತ ಒಂದು ಲೋಕದಲ್ಲಿ ಬದುಕಿರುವವಳನ್ನು ಕಾಯುವುದು ಕಷ್ಟವಾದ ಕೆಲಸ. ಕೊಲ್ಲುವುದು ಪ್ರತಿ ಸಲವೂ ಮುಗಿಯುತ್ತದೆ, ಕಾಯುವುದು ಮುಗಿಯುವುದಿಲ್ಲ. ಚಿತ್ರದ ಉತ್ತರಾರ್ಧವು ಓಟ, ಹೊಡೆದಾಟಗಳಲ್ಲಿ ಕೆಲವೆಡೆ ಈ ಎಳೆಯನ್ನು ಕೈಬಿಟ್ಟರೂ ಎಳೆಯು ಹರಿಯುವುದಿಲ್ಲ.

ಮಹಾಭಾರತದ ಪ್ರಧಾನರಸವು ಶಾಂತವೆಂದು ಆನಂದವರ್ಧನನು ನಿರ್ಣಯಿಸಿದಾಗ, ಅಷ್ಟೊಂದು ರಕ್ತ ಹರಿದ ಕಾವ್ಯಕ್ಕೆ ಇದು ಹೇಗೆ ಹೊಂದುವುದೆಂದು ಆಶ್ಚರ್ಯಪಡುವವರುಂಟು. ಗೆದ್ದವರಿಗೂ ಕೈಯಲ್ಲಿ ಏನೂ ಉಳಿಯಲಿಲ್ಲವೆಂಬ ಅರಿವೇ ಅಲ್ಲಿಯ ಶಾಂತಕ್ಕೆ ದಾರಿ. ಈ ಚಿತ್ರವು ಆ ಎತ್ತರದ್ದೆಂದು ಹೇಳುವ ಸಾಹಸಕ್ಕೆ ನಾವು ಕೈಹಾಕುವುದಿಲ್ಲ. ಇದು ರಾತ್ರಿಯ ವಿನೋದಕ್ಕಾಗಿ ಹುಟ್ಟಿದ ರೋಮಾಂಚಕಥೆ. ಅದರ ಮಿತಿಗಳು ಇದಕ್ಕೂ ಇವೆ. ಆದರೂ ಲೋಕಗಳನ್ನು ಎಷ್ಟು ಹೆಚ್ಚಿಸಿದರೂ ಒಂದು ಜೀವಕ್ಕೆ ಇನ್ನೊಂದು ಜೀವವು ಬದಲಾಗದು ಎಂಬುದನ್ನು, ಉಪದೇಶದ ಗೊಡವೆಗೆ ಹೋಗದೆ, ಒಬ್ಬ ತಾಯಿಯ ದಣಿದ ಮುಖದಲ್ಲಿ ಇದು ತೋರಿಸಿಕೊಟ್ಟಿದೆ. ಮಕ್ಕಳನ್ನು ಮಲಗಿಸಿದ ಮೇಲೆ ಹಿರಿಯರು ನೋಡಬಹುದು; ನೋಡಿದ ಮೇಲೆ ಆ ಮಕ್ಕಳ ಹೊದಿಕೆಯನ್ನು ಇನ್ನೊಮ್ಮೆ ಸರಿಮಾಡಿ ಬರುವಂತೆ ಮನಸ್ಸಾಗುವುದು ಖಂಡಿತ.