ಒಂಬತ್ತು ವರ್ಷ ತಡವಾಗಿ ಬಂದ ಕೈ

‘ಭಾಗ ಎರಡು’ ಎಂಬ ಹಾವಳಿಯ ಬಗ್ಗೆ ಬರೆಯಲು ಕೂತೆ. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂಬುದು ಗಾಂಧಿನಗರದ ಹಳೆಯ ನಂಬಿಕೆ. ಮೊದಲ ಚಿತ್ರ ಗೆದ್ದ ಬಿಸಿ ಆರುವ ಮೊದಲೇ ಎರಡನೆಯದು ಬರಬೇಕು, ಇಲ್ಲದಿದ್ದರೆ ಜನ ಮರೆತುಬಿಡುತ್ತಾರೆ ಎಂಬ ಭಯ. ಈಗಂತೂ ಗೆಲ್ಲುವ ತನಕವೂ ಕಾಯುವುದಿಲ್ಲ. ಕತೆಯನ್ನು ನಡುವೆಯೇ ಕತ್ತರಿಸಿ, ಉಳಿದದ್ದನ್ನು ಮುಂದೆ ನೋಡಿ ಎಂದು ಜನರನ್ನು ಮನೆಗೆ ಕಳಿಸುತ್ತಾರೆ. ಈ ಪಂಥದ ಜೊತೆ ನನ್ನ ಜಗಳ ಹಳೆಯದು. ‘ಬಾಹುಬಲಿ’ 2015ರಲ್ಲಿ ಎತ್ತಿದ ಪ್ರಶ್ನೆಗೆ 2017ರಲ್ಲಿ ಉತ್ತರ ಕೊಟ್ಟಿತು. ಅದು ಬಡ್ಡಿಸಮೇತ ವಸೂಲಾದ ಬಾಕಿ, ಅಷ್ಟೇ. ನನಗೆ ಪ್ರಿಯವಾದದ್ದು ಇದಕ್ಕೆ ತದ್ವಿರುದ್ಧವಾದ ಜಾತಿ. ಕತೆ ಮುಗಿದಿರುತ್ತದೆ, ಯಾರೂ ಕಾಯುತ್ತಿರುವುದಿಲ್ಲ. ಹತ್ತೋ ಮೂವತ್ತೋ ಐವತ್ತೋ ವರ್ಷದ ಮೇಲೆ ಅದೇ ನಟರು, ಅದೇ ಪಾತ್ರಗಳಾಗಿ ತೆರೆಗೆ ಮರಳುತ್ತಾರೆ.

ಇಂಥ ಚಿತ್ರಕ್ಕೆ ನಾನು ಕೇಳುವುದು ಒಂದೇ ಪ್ರಶ್ನೆ: ನಡುವೆ ಕಳೆದ ವರ್ಷಗಳನ್ನು ನೀನು ಏನು ಮಾಡಿದೆ?

ಶಂಕರ್ ಅವರ ‘ಇಂಡಿಯನ್’ ಬಂದದ್ದು 1996ರಲ್ಲಿ, ‘ಇಂಡಿಯನ್ 2’ ಬಂದದ್ದು 2024ರಲ್ಲಿ. ಇಪ್ಪತ್ತೆಂಟು ವರ್ಷ! ಮೊದಲ ಚಿತ್ರದಲ್ಲಿ ನಲವತ್ತರ ಆಸುಪಾಸಿನ ಕಮಲ್ ಹಾಸನ್ ಬಣ್ಣ ಮೆತ್ತಿಕೊಂಡು ಮುದುಕ ಸೇನಾಪತಿಯಾಗಿದ್ದರು. ನಡಿಗೆಯಲ್ಲಿ, ದನಿಯಲ್ಲಿ, ಕೈಬೆರಳಿನ ಮಡಿಕೆಯಲ್ಲಿ ವಯಸ್ಸನ್ನು ಕಲ್ಪಿಸಿಕೊಂಡು ಆಡಿದ ಆಟ ಅದು, ರಾಷ್ಟ್ರ ಪ್ರಶಸ್ತಿಯೂ ಬಂತು. ಎರಡನೆಯದರ ಹೊತ್ತಿಗೆ ಕಮಲ್‌ಗೆ ಎಪ್ಪತ್ತು ಹತ್ತಿರವಾಗಿತ್ತು. ನಿಜವಾದ ವಯಸ್ಸೇ ಮನೆಗೆ ಬಂದು ನಿಂತಿತ್ತು. ಆದರೆ ಚಿತ್ರ ಆ ಮುಖವನ್ನು ಬೇಡವೆಂದು ಮತ್ತೆ ಅದೇ ಬಣ್ಣದ ಕೆಳಗೆ ಮುಚ್ಚಿಟ್ಟಿತು. ಒಬ್ಬ ದೊಡ್ಡ ನಟನ ಮುಖದ ಮೇಲೆ ಇಪ್ಪತ್ತೆಂಟು ವರ್ಷ ಬರೆದದ್ದನ್ನು ಓದುವ ಅವಕಾಶ ನಮ್ಮ ಕೈತಪ್ಪಿತು. ಆ ಚಿತ್ರದ ಮೇಲೆ ಬಂದ ಬೇರೆಲ್ಲ ದೂರುಗಳಿಗಿಂತ ನನಗೆ ಇದೇ ಹೆಚ್ಚು ನೋವು ಕೊಟ್ಟದ್ದು.

ಈಗ ಕಂಪ್ಯೂಟರಿನಲ್ಲಿ ವಯಸ್ಸು ಇಳಿಸುವ ವಿದ್ಯೆಯೂ ಬಂದಿದೆ. 2023ರ ‘ಇಂಡಿಯಾನಾ ಜೋನ್ಸ್’ ಚಿತ್ರದ ಆರಂಭದ ಭಾಗದಲ್ಲಿ ಎಂಬತ್ತರ ಹ್ಯಾರಿಸನ್ ಫೋರ್ಡ್‌ಗೆ ಹರೆಯದ ಮುಖ ಅಂಟಿಸಿದರು. ಇದಕ್ಕೆ ನಾನು ಉತ್ತರ ಕೊಡಬೇಕಿಲ್ಲ, ಅದೇ ಫೋರ್ಡ್ ನಟಿಸಿದ ಇನ್ನೊಂದು ಚಿತ್ರ ಮೊದಲೇ ಕೊಟ್ಟಿದೆ. 1982ರ ‘ಬ್ಲೇಡ್ ರನ್ನರ್’ನ ಮುಂದಿನ ಭಾಗ ಬಂದದ್ದು 2017ರಲ್ಲಿ. ಅದರಲ್ಲಿ ಫೋರ್ಡ್‌ನದು ಡೆಕಾರ್ಡ್ ಎಂಬ ಪಾತ್ರ. ಖಳ, ಮುದುಕನಾದ ಡೆಕಾರ್ಡ್‌ನ ಮುಂದೆ ಅವನ ಸತ್ತುಹೋದ ಪ್ರೇಯಸಿಯ ಪ್ರತಿರೂಪವನ್ನು ತಂದು ನಿಲ್ಲಿಸುತ್ತಾನೆ. ಅದೇ ತುರುಬು, ಅದೇ ನಡಿಗೆ, 1982ರಲ್ಲಿ ಇದ್ದ ಹಾಗೆಯೇ ಒಂದು ಸುಕ್ಕೂ ಇಲ್ಲದ ಮುಖ. ಡೆಕಾರ್ಡ್ ಹತ್ತಿರ ಹೋಗುತ್ತಾನೆ, ನೋಡುತ್ತಾನೆ, ಕಣ್ಣು ತುಂಬಿಕೊಳ್ಳುತ್ತವೆ. ಅವಳ ಕಣ್ಣಿನ ಬಣ್ಣ ಇದಲ್ಲ ಎಂದು ಹೇಳಿ ಬೆನ್ನು ತಿರುಗಿಸುತ್ತಾನೆ. ತಂತ್ರಜ್ಞಾನದ ಆ ದೊಡ್ಡ ಸಾಧನೆಯನ್ನು ಚಿತ್ರವೇ ಡೆಕಾರ್ಡ್‌ನಿಂದ ತಿರಸ್ಕರಿಸಿಬಿಡುತ್ತದೆ. ಯಯಾತಿಯ ಕತೆ ಕೇಳಿ ಬೆಳೆದ ನಮಗೆ ಇದು ಬೇಗ ಅರ್ಥವಾಗಬೇಕು.

ನಮ್ಮಲ್ಲಿ ‘ಆಪ್ತಮಿತ್ರ’ 2004ರದ್ದು, ‘ಆಪ್ತರಕ್ಷಕ’ 2010ರದ್ದು. ಆರು ವರ್ಷವನ್ನು ದೀರ್ಘವೆನ್ನಲಾಗದು, ಆದರೆ ಆ ಆರು ವರ್ಷಕ್ಕೆ ಎರಡೂ ಕಡೆ ಸಾವಿನ ಗಡಿ ಇದೆ. ನಾಗವಲ್ಲಿಯಾಗಿ ನಮ್ಮನ್ನು ಬೆಚ್ಚಿಬೀಳಿಸಿದ ಸೌಂದರ್ಯ ಮೊದಲ ಚಿತ್ರ ಬಿಡುಗಡೆಯಾಗುವ ಮುನ್ನವೇ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ಡಾಕ್ಟರ್ ವಿಜಯ್ ಆಗಿ ಮರಳಿದ ವಿಷ್ಣುವರ್ಧನ್ 2009ರ ಡಿಸೆಂಬರ್ ಕೊನೆಗೆ ಹೋದರು, ಚಿತ್ರ ತೆರೆಗೆ ಬಂದದ್ದು ಮುಂದಿನ ಫೆಬ್ರವರಿಯಲ್ಲಿ. ನಿರ್ದೇಶಕ ಪಿ. ವಾಸು ಬರೆಯದೇ ಇದ್ದ ಒಂದು ಕತೆಯನ್ನು ಚಿತ್ರಮಂದಿರದಲ್ಲಿ ಕೂತ ಜನ ತಾವೇ ಓದಿಕೊಂಡರು. ಪರದೆಯ ಮೇಲೆ ನಾಗವಲ್ಲಿಯ ಚಿತ್ರಪಟ ಬಂದಾಗ ಹೆದರಬೇಕಾದವರ ಗಂಟಲು ಕಟ್ಟಿತ್ತು.

ಇನ್ನು, ‘ಸಪ್ತ ಸಾಗರದಾಚೆ ಎಲ್ಲೋ’ದ ಮಾತು ಬಿಡುವಂತಿಲ್ಲ. ಹೇಮಂತ್ ರಾವ್ ಅದರ ಎರಡು ಭಾಗಗಳನ್ನು 2023ರ ಸೆಪ್ಟೆಂಬರಿನಲ್ಲೊಂದು ನವೆಂಬರಿನಲ್ಲೊಂದು ಬಿಟ್ಟರು. ಕತೆಯೊಳಗೆ ಹತ್ತು ವರ್ಷ, ಹೊರಗೆ ಮೂರು ತಿಂಗಳೂ ಇಲ್ಲ. ನಾಯಕ ಮನುವಾಗಿ ರಕ್ಷಿತ್ ಶೆಟ್ಟಿ ಮೈ ತುಂಬಿಕೊಂಡು, ಹೆಜ್ಜೆ ಭಾರ ಮಾಡಿಕೊಂಡು ಪ್ರಾಮಾಣಿಕವಾಗಿ ದುಡಿದರು. ನನಗೆ ಇಷ್ಟವಾದ ಚಿತ್ರ ಅದು. ಆದರೆ ಮನುವಿನ ಹತ್ತು ವರ್ಷವನ್ನು ನಾವು ನಂಬಿದೆವೇ ಹೊರತು, ಅವನ ಜೊತೆ ಕಳೆದಿರಲಿಲ್ಲ. ಹತ್ತು ವರ್ಷ ಬಿಟ್ಟು ಅದೇ ಚಿತ್ರ ಬಂದಿದ್ದರೆ ಎಂದು ನಾನು ಈಗಲೂ ಯೋಚಿಸುತ್ತೇನೆ.

ಹಾಗೆ ಕಳೆದ ವರ್ಷಗಳು ಏನು ಮಾಡಬಲ್ಲವು ಎಂದು ತೋರಿಸಲು ಪಟ್ಟಿ ಬೇಕಿಲ್ಲ, ಒಂದು ಕೈ ಸಾಕು. ಹಾವಳಿಯ ವಿಷಯ ಇಲ್ಲಿಗೇ ಬಿಡುತ್ತೇನೆ.

ರಿಚರ್ಡ್ ಲಿಂಕ್ಲೇಟರ್‌ನ ‘ಬಿಫೋರ್ ಸನ್‌ರೈಸ್’ 1995ರದ್ದು. ರೈಲಿನಲ್ಲಿ ಪರಿಚಯವಾದ ಜೆಸ್ಸಿ ಮತ್ತು ಸೆಲೀನ್ ವಿಯೆನ್ನಾದಲ್ಲಿ ಇಳಿದು ಒಂದು ರಾತ್ರಿ ಸುತ್ತುತ್ತಾರೆ, ಆರು ತಿಂಗಳಿಗೆ ಇದೇ ಪ್ಲಾಟ್‌ಫಾರಂನಲ್ಲಿ ಸಿಗೋಣ ಎಂದು ಅಗಲುತ್ತಾರೆ. ವಿಳಾಸವಿಲ್ಲ, ಫೋನ್ ನಂಬರಿಲ್ಲ. ಆ ರಾತ್ರಿಯ ಶುರುವಿನಲ್ಲಿ ಒಂದು ಟ್ರಾಮ್ ದೃಶ್ಯವಿದೆ. ಸೆಲೀನ್ ಮಾತಾಡುತ್ತಿದ್ದಾಳೆ, ಕೂದಲೊಂದೆಳೆ ಮುಖದ ಮೇಲೆ ಬಿದ್ದಿದೆ. ಸರಿಸಲು ಜೆಸ್ಸಿಯ ಕೈ ಏಳುತ್ತದೆ. ಅವಳು ತಿರುಗುತ್ತಾಳೆ, ಕೈ ಹಿಂದೆ ಹೋಗುತ್ತದೆ. ಇಷ್ಟೇ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಸಣ್ಣದು.

‘ಬಿಫೋರ್ ಸನ್‌ಸೆಟ್’ ಬಂದದ್ದು 2004ರಲ್ಲಿ, ಕತೆಯಲ್ಲೂ ಒಂಬತ್ತೇ ವರ್ಷ ಕಳೆದಿದೆ. ಪ್ಯಾರಿಸ್ಸಿನ ಶೇಕ್ಸ್‌ಪಿಯರ್ ಅಂಡ್ ಕಂಪನಿ ಪುಸ್ತಕದಂಗಡಿಯಲ್ಲಿ ಜೆಸ್ಸಿ ಆ ರಾತ್ರಿಯ ಬಗ್ಗೆಯೇ ಬರೆದ ಕಾದಂಬರಿಯ ಕುರಿತು ಮಾತಾಡುತ್ತಿದ್ದಾನೆ. ತಲೆ ಎತ್ತಿದರೆ ಪಕ್ಕದಲ್ಲಿ ಸೆಲೀನ್ ನಿಂತಿದ್ದಾಳೆ. ಸಂಜೆ ಅವನಿಗೆ ವಿಮಾನವಿದೆ. ಚಿತ್ರದ ಉದ್ದ ಎಂಬತ್ತು ನಿಮಿಷ, ಅವರಿಗಿರುವ ಸಮಯವೂ ಹೆಚ್ಚುಕಡಿಮೆ ಅಷ್ಟೇ. ಆರು ತಿಂಗಳಿಗೆ ಅವನು ಬಂದಿದ್ದ, ಅಜ್ಜಿ ತೀರಿಕೊಂಡದ್ದರಿಂದ ಅವಳು ಬಂದಿರಲಿಲ್ಲ ಎಂಬುದು ಗೊತ್ತಾಗುತ್ತದೆ. ಜೆಸ್ಸಿಯಾದ ಈಥನ್ ಹಾಕ್‌ನ ಕೆನ್ನೆ ಒಳಗೆ ಹೋಗಿದೆ, ಹುಬ್ಬುಗಳ ನಡುವೆ ಗೆರೆ ಬಿದ್ದಿದೆ. ಸೆಲೀನ್ ಆ ಗೆರೆಯ ಮಾತನ್ನೇ ಎತ್ತುತ್ತಾಳೆ. ಕೂದಲು ಬಿಚ್ಚು, ಮೊದಲಿನ ಹಾಗೆ ನೋಡಬೇಕು ಎಂದು ಅವನು ಕೇಳುತ್ತಾನೆ. ಇಲ್ಲಿ ಪ್ರಸಾಧನದವರಿಗೆ ಕೆಲಸವೇ ಇಲ್ಲ.

ಕೊನೆಗೆ ಕಾರಿನ ದೃಶ್ಯ. ಅಷ್ಟು ಹೊತ್ತಿಗೆ ಇಬ್ಬರ ನಯದ ಮಾತು ಕಳಚಿದೆ. ಅವಳು ಸಿಡಿದು ಅತ್ತಾಗಿದೆ. ಬತ್ತಿಹೋದ ತನ್ನ ಮದುವೆಯ ಬಗ್ಗೆ ಅವನು ಕಿಟಕಿಯತ್ತ ಮುಖ ಮಾಡಿ ಹೇಳಿಕೊಳ್ಳುತ್ತಿದ್ದಾನೆ. ಆಗ ಅವಳ ಕೈ ಮೇಲೇಳುತ್ತದೆ, ಅವನ ತಲೆಗೂದಲ ಹತ್ತಿರ ಹೋಗುತ್ತದೆ. ಅವನು ತಿರುಗುತ್ತಾನೆ, ಕೈ ಹಿಂದೆ ಹೋಗುತ್ತದೆ.

ಟ್ರಾಮಿನಲ್ಲಿ ಅವನ ಕೈ ಅಳುಕಿದ್ದು ಮುಂದೆ ಇಡೀ ರಾತ್ರಿ ಇದೆ ಎಂಬ ಧೈರ್ಯದಲ್ಲಿ. ಕಾರಿನಲ್ಲಿ ಅವಳ ಕೈ ಅಳುಕುವಾಗ ಹಿಂದೆ ಒಂಬತ್ತು ವರ್ಷ ಹಾಳಾಗಿವೆ, ಮುಂದೆ ಕೆಲವು ನಿಮಿಷ ಮಾತ್ರ. ಲಿಂಕ್ಲೇಟರ್ ಅದಕ್ಕೆ ಸಂಗೀತ ಹಾಕುವುದಿಲ್ಲ, ಹಳೆಯ ಟ್ರಾಮನ್ನು ನೆನಪಿಸಲು ನಡುವೆ ತುಣುಕು ಸೇರಿಸುವುದಿಲ್ಲ. ನೆನಪಿಟ್ಟವರಿಗೆ ಸಿಗಲಿ ಎಂದು ಸುಮ್ಮನೆ ಬಿಟ್ಟಿದ್ದಾನೆ. ಜನ ಮರೆಯುತ್ತಾರೆ ಎಂದು ಹೆದರುವವರಿಗೂ ಈತನಿಗೂ ಇರುವ ಅಂತರ ಇಲ್ಲಿದೆ. ಈ ಎರಡನೆಯ ಚಿತ್ರಕಥೆಯಲ್ಲಿ ಹಾಕ್ ಮತ್ತು ಸೆಲೀನ್ ಆದ ಜೂಲಿ ಡೆಲ್ಪಿ ಇಬ್ಬರ ಹೆಸರೂ ಇದೆ. ಒಂಬತ್ತು ವರ್ಷ ಬದುಕಿದವರೇ ಬರೆದದ್ದು.

ಇನ್ನೊಂದು ಒಂಬತ್ತು ವರ್ಷ ಬಿಟ್ಟು, 2013ರಲ್ಲಿ ‘ಬಿಫೋರ್ ಮಿಡ್‌ನೈಟ್’ ಬಂತು. ಆ ಲೆಕ್ಕದಲ್ಲಿ 2022ರಲ್ಲಿ ನಾಲ್ಕನೆಯದು ಬರಬೇಕಿತ್ತು, ಬರಲಿಲ್ಲ. ಬೇಸರವಿಲ್ಲ. ಹೇಳಲು ಏನಾದರೂ ಇದ್ದಾಗ ಬರಲಿ. ‘ಸೀನ್ಸ್ ಫ್ರಮ್ ಎ ಮ್ಯಾರೇಜ್’ನ ಗಂಡಹೆಂಡಿರನ್ನು ನಿರ್ದೇಶಕ ಬರ್ಗ್‌ಮನ್ 1973ರ ನಂತರ ಮತ್ತೆ ಭೇಟಿ ಮಾಡಿಸಿದ್ದು 2003ರಲ್ಲಿ, ‘ಸಾರಾಬಾಂಡ್’ನಲ್ಲಿ. ಹೆಂಡತಿಯಾದ ಲಿವ್ ಉಲ್ಮನ್ ಮೇಜಿನ ತುಂಬ ಹರಡಿದ ಫೋಟೋಗಳ ಮುಂದೆ ಕೂತು ನೇರ ನಮ್ಮನ್ನೇ ನೋಡಿ ಮಾತು ಶುರು ಮಾಡುತ್ತಾಳೆ. ಅದು ಬರ್ಗ್‌ಮನ್‌ನ ಕೊನೆಯ ಚಿತ್ರವಾಯಿತು.

ಇದೆಲ್ಲ ಓದಿದ ಮೇಲೆ ದಯವಿಟ್ಟು ಒಂದೇ ರಾತ್ರಿ ಕೂತು ಎಲ್ಲವನ್ನೂ ಮುಗಿಸಬೇಡಿ. ಓಟಿಟಿಯಲ್ಲಿ ಒಂದರ ಬೆನ್ನಿಗೆ ಇನ್ನೊಂದು ತಾನಾಗಿಯೇ ಶುರುವಾಗುತ್ತದೆ, ನಡುವಿನ ವರ್ಷಗಳೆಲ್ಲ ಹತ್ತು ಸೆಕೆಂಡಿಗೆ ಇಳಿದುಬಿಡುತ್ತವೆ. ನನ್ನ ಸಲಹೆ ಕ್ಲೋದ್ ಲೆಲೂಶ್‌ನಿಂದ ಶುರು ಮಾಡಿ ಎಂಬುದು. 1966ರ ‘ಎ ಮ್ಯಾನ್ ಅಂಡ್ ಎ ವುಮನ್’ ಈಗ ನೋಡಿ. ರೇಸ್ ಡ್ರೈವರ್ ಆಗಿ ಜ್ಯಾಂ-ಲೂಯಿ ತ್ರಂತಿನ್ಯಾಂ, ಅನೂಕ್ ಎಮೆ, ಮಳೆಯಲ್ಲಿ ಓಡುವ ಮಸ್ಟ್ಯಾಂಗ್ ಕಾರು. 1986ರ ಎರಡನೆಯ ಚಿತ್ರ ಸಪ್ಪೆ, ಬಿಟ್ಟರೂ ನಷ್ಟವಿಲ್ಲ. 2019ರ ಮೂರನೆಯದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಅದರಲ್ಲಿ ಅದೇ ತ್ರಂತಿನ್ಯಾಂ ವೃದ್ಧಾಶ್ರಮದಲ್ಲಿದ್ದಾನೆ, ನೆನಪು ಕೈಕೊಡುತ್ತಿದೆ. ನೋಡಲು ಬಂದ ಅನೂಕ್ ಎಮೆಯನ್ನು ಗುರುತಿಸದೆ, ತಾನು ಒಮ್ಮೆ ಪ್ರೀತಿಸಿದ್ದ ಹೆಣ್ಣಿನ ಬಗ್ಗೆ ಅವಳಿಗೇ ಹೇಳುತ್ತಾನೆ. ಮೊದಲ ಚಿತ್ರದಲ್ಲಿ ಅವರ ಮಕ್ಕಳಾಗಿ ನಟಿಸಿದ್ದ ಇಬ್ಬರು ಪುಟಾಣಿಗಳೇ ಇಲ್ಲೂ ಅವರ ಮಕ್ಕಳು, ಅರವತ್ತರ ಹತ್ತಿರದವರು. ಲೆಲೂಶ್ ಅವರ ಹಳೆಯ ದೃಶ್ಯಗಳನ್ನು ನಡುನಡುವೆ ತೋರಿಸುತ್ತಾನೆ, ನಿಜ. ಲಿಂಕ್ಲೇಟರ್ ಮಾಡದ ಆ ಕೆಲಸವನ್ನು ಇವನು ಮಾಡಿದ್ದಕ್ಕೆ ನನಗೆ ಆಕ್ಷೇಪವಿಲ್ಲ, ಯಾಕೆಂದರೆ ಇಲ್ಲಿ ನೆನಪು ಕಳೆದುಕೊಂಡವನು ನಾಯಕ, ಆ ತುಣುಕುಗಳು ಅವನಿಗೆ ಬೇಕು.