ಸಿದ್ದಿ ಸ್ತ್ರೀಯರ ಕೇಶವೂ ಚರಿತ್ರೆಯ ಪಾಠವೂ

ಉತ್ತರ ಕನ್ನಡದಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡವೆಂದು ಮಾನ್ಯತೆ ಪಡೆದ ಸಿದ್ದಿ ಜನಾಂಗದ ಸ್ತ್ರೀಯರನ್ನು ಕುರಿತ ಬರಹಗಳು ಬಹುಮಟ್ಟಿಗೆ ಅವರ ಗುಂಗುರುಗೂದಲಿನ ವರ್ಣನೆಯಿಂದಲೇ ತೊಡಗುತ್ತವೆ. ಪೋರ್ಚುಗೀಸರ ಗೋವೆಗೆ ದಾಸರಾಗಿ ಬಂದ ಆಫ್ರಿಕನರ ಸಂತತಿಯೆಂಬುದಕ್ಕೆ ಆ ಕೇಶವು ಕುರುಹಾಗಬಹುದು, ಕುಂದಾಗಲಾರದು. ನೀಳಜಡೆಯೊಂದನ್ನೇ ಅಂದದ ಅಳತೆಗೋಲಾಗಿ ಹಿಡಿದವರ ಕಣ್ಣಿಗೆ, ಸಿದ್ದಿ ಹೆಣ್ಣು ಕೂದಲನ್ನು ಮೊಟಕುಮಾಡಿದರೂ ಹೊರಗಿನವಳು, ಬಿಗಿದು ಹೆಣೆದರೂ ಹೊರಗಿನವಳು. ತಲೆಮಾರುಗಳಿಂದ ಅವಳು ಆಡುತ್ತ ಬಂದ ಕೊಂಕಣಿ, ಹೊಲಿಯುತ್ತ ಬಂದ ಕೌದಿ ಆ ವರ್ಣನೆಯಲ್ಲಿ ಮರೆಯಾಗುತ್ತವೆ. ಈ ದೃಷ್ಟಿದೋಷವು ಇಲ್ಲಿಯದು ಮಾತ್ರವಲ್ಲ. ಕೂದಲಿನ ಸ್ವರೂಪವನ್ನು ನೆಪಮಾಡಿ ಶಾಲೆ, ಉದ್ಯೋಗಗಳಲ್ಲಿ ಭೇದವೆಣಿಸುವುದನ್ನು ಕ್ಯಾಲಿಫೋರ್ನಿಯಾ ರಾಜ್ಯವು 2019ರಲ್ಲಿ ಶಾಸನದಿಂದಲೇ ನಿಷೇಧಿಸಬೇಕಾಯಿತು. ಸಿದ್ದಿಯರನ್ನು ಕಣ್ಣಾರೆ ಕಾಣದ ಚಿಂತಾಮಣಿ, ಗೌರಿಬಿದನೂರುಗಳ ವಿದ್ಯಾರ್ಥಿಗೆ ನಮ್ಮ ಪಾಠವೇ ಪ್ರಮಾಣ. ಅದು ಕೂದಲಿನಲ್ಲಿ ಮೊದಲಾಗಿ ಕೂದಲಿನಲ್ಲಿಯೇ ಮುಗಿದರೆ, ನಾವು ಬೋಧಿಸಿದ್ದು ಚರಿತ್ರೆಯಲ್ಲ, ಪೂರ್ವಗ್ರಹ.