ಝೂಕೊ ತಿರುಗಿ ಬಂದ ದಾರಿ

ಖಳನೊಬ್ಬನ ಮನಃಪರಿವರ್ತನೆಯನ್ನು ನಂಬುವಂತೆ ಚಿತ್ರಿಸುವುದು ಸುಲಭವಲ್ಲ. 2005ರಿಂದ 2008ರವರೆಗೆ ಬಂದ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಆನಿಮೇಷನ್ ಸರಣಿ ಅದನ್ನು ಸಾಧಿಸಿತು.

ಹೊಸ ಸೈನಿಕರನ್ನು ಬಲಿಕೊಡುವ ಯೋಜನೆಯನ್ನು ವಿರೋಧಿಸಿದ್ದಕ್ಕೆ ರಾಜಕುಮಾರ ಝೂಕೊನ ಮುಖವನ್ನು ಅಪ್ಪ ಓಜಾಯ್ ಸುಟ್ಟು, ಗಡೀಪಾರು ಮಾಡುತ್ತಾನೆ. ಆದರೆ ಆ ನೋವನ್ನು ಮುಂದಿಟ್ಟು ಕಥೆ ಅವನ ತಪ್ಪುಗಳನ್ನು ಮುಚ್ಚುವುದಿಲ್ಲ. ಜೊತೆಗೇ ನಿಂತ ದೊಡ್ಡಪ್ಪ ಐರೋಗೂ ಅವನು ದ್ರೋಹ ಬಗೆಯುತ್ತಾನೆ. ಬಯಸಿದ ಮನ್ನಣೆ ಸಿಕ್ಕ ಮೇಲೂ ಮನಸ್ಸು ಒಪ್ಪದೆ, ಅಪ್ಪನೆದುರೇ ನಿಜ ನುಡಿದು ಹೊರಡುತ್ತಾನೆ.

ಕೊನೆಗೆ ಡೇರೆಯಲ್ಲಿ ದೊಡ್ಡಪ್ಪ ಏಳುವವರೆಗೆ ಕಾದು, ಕಣ್ಣೀರಿಟ್ಟು ಕ್ಷಮೆ ಕೇಳುತ್ತಾನೆ. ಮಾತು ಮುಗಿಯುವ ಮೊದಲೇ ಐರೋ ಅವನನ್ನು ಬರಸೆಳೆದು ಅಪ್ಪಿಕೊಳ್ಳುತ್ತಾನೆ. ಎಂಥ ದೃಶ್ಯ!

ಮಗನನ್ನು ಸುಟ್ಟ ಓಜಾಯ್‌ಗೆ ಕೊನೆಯವರೆಗೂ ಅಳುಕಿಲ್ಲ. ನಿಜವಾದ ಕೇಡು ಅದೇ. ತಪ್ಪನ್ನು ತನ್ನದೆಂದು ಒಪ್ಪಿ, ಬೆಲೆ ತೆತ್ತವನಿಗಷ್ಟೇ ಉದ್ಧಾರ.